ಬದುಕಿದ್ದವಳ ಹೆಸರಿನ ಚಪ್ಪಡಿ

ಪೂಜ್ಯ ಪಾಸ್ಕಲ ಸ್ವಾಮಿಗಳು ಕರಿಬಂಡೆ ಕೊಪ್ಪಲಿನಲ್ಲಿ ಇಪ್ಪತ್ತೆಂಟು ವರ್ಷ ಗುರುಗಳಾಗಿದ್ದರು. ಆ ಇಪ್ಪತ್ತೆಂಟು ವರ್ಷದಲ್ಲಿ ಎರಡೇ ಎರಡು ಸಲ ನಕ್ಕರು. ಎರಡು ಸಲವೂ ಈ ಕಥೆ ಹೇಳುತ್ತಿರುವ ಮುದುಕನ ಮಾತಿಗೇ ನಕ್ಕರು. ಆಗ ಹತ್ತಿರದಲ್ಲಿ ಇದ್ದವರು ಹಾಲು ತರುವ ಮುದುಕಿ ಮತ್ತು ಒಂದು ಕರಿನಾಯಿ. ಇಬ್ಬರೂ ಈಗ ಇಲ್ಲ. ನಂಬಿಕೆ ಇಲ್ಲದವರು ಮೋಕ್ಷಕ್ಕೆ ಹೋದ ಮೇಲೆ ಸ್ವಾಮಿಗಳನ್ನೇ ಕೇಳಿ ತಿಳಿದುಕೊಳ್ಳಬಹುದು, ಅಲ್ಲಿಗೆ ಹೋಗುವ ಯೋಗ್ಯತೆ ಇದ್ದರೆ.

ಇವತ್ತು ಹೇಳುವುದು ಅವರು ನಕ್ಕ ಕಥೆಯಲ್ಲ. ಅವರು ಕೆಸರಿನಲ್ಲಿ ಮೊಣಕಾಲೂರಿದ ಕಥೆ.

ಸ್ವಾಮಿಗಳ ಬಿಡಾರವೆಂದರೆ ದೇವಾಲಯದ ಬೆನ್ನಿಗೆ ಒತ್ತಿಕೊಂಡಿದ್ದ ಒಂದೇ ಒಂದು ಕೋಣೆ. ಊರೆಲ್ಲ ಕಲ್ಲುಕುಟಿಗರದು, ಆದರೂ ಆ ಕೋಣೆಗೆ ಮಣ್ಣಿನ ಗೋಡೆ, ಹುಲ್ಲಿನ ಮಾಡು. "ಸ್ವಾಮೇರೇ, ಕಲ್ಲಲ್ಲಿ ಕಟ್ಟಿಕೊಡ್ತೀವಿ" ಎಂದು ಜನ ಕೇಳಿದರೆ, "ಮೊದಲು ಗಂಡನಿಲ್ಲದವರ ಮನೆ ಮುಗಿಯಲಿ" ಎನ್ನುತ್ತಿದ್ದರು. ಅದು ಮುಗಿಯುವ ಕೆಲಸವೇ? ಬಂಡೆ ಒಡೆಯುವ ಊರು. ವರ್ಷಕ್ಕೊಬ್ಬಳಾದರೂ ಹೊಸದಾಗಿ ಗಂಡನನ್ನು ಕಳೆದುಕೊಳ್ಳುವಳು. ಸ್ವಾಮಿಗಳ ಊಟ ರಾಗಿ ಗಂಜಿ, ಉಪ್ಪು, ಒಂದು ಹಸಿಮೆಣಸಿನಕಾಯಿ. ನಿಲುವಂಗಿಗೆ ತೇಪೆ ತಾವೇ ಹಾಕಿಕೊಳ್ಳುವರು. ಮಾತಂತೂ ಬಹಳ ಕಡಿಮೆ. ಮುದುಕಿಯರು ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಒಂದೊಂದು ಮಾತನ್ನೂ ಮೊದಲು ಬಾಯೊಳಗೇ ಆರಿಸಿ ಆಮೇಲೆ ಹೊರಗೆ ಬಿಡುವರು.

ಇದಕ್ಕೆ ಸರಿಯಾಗಿ ಎದುರು ಚೌರಪ್ಪ ಮೇಸ್ತ್ರಿ. ಬಂಡೆ ಕೆಲಸಕ್ಕೆಲ್ಲ ಅವನೇ ಯಜಮಾನ. ಅವನು ಬಾಯಿ ತೆರೆದರೆ ಉಳಿ ಹಿಡಿದ ಕೈಗಳು ನಿಂತುಹೋಗುತ್ತಿದ್ದವು. ಹುಲಿಯ ಕಥೆ, ದೊರೆಯ ಕಥೆ, ಯಾರೂ ಕಾಣದ ಊರಿನ ಕಥೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ. ಊರಲ್ಲಿ ಜಗಳವಾದರೆ ಅವನ ಜಗಲಿಗೇ ಬರಬೇಕು. ಅವನೊಂದು ಮಾತು ಹೇಳಿದನೆಂದರೆ ಮುಗಿಯಿತು, "ಮೇಸ್ತ್ರಿ ಅಂದ್ಮೇಲೆ ಇನ್ನೇನು" ಎಂದು ಎದ್ದುಹೋಗುವರು. ಆ ಮರ್ಯಾದೆಯೇ ಅವನ ಆಸ್ತಿ. ಹೊಲ ಹೋದರೂ ತಡೆದುಕೊಂಡಾನು, ಅದು ಹೋದರೆ ಬದುಕಲಾರ.

ಆ ಊರಲ್ಲೊಂದು ಕಟ್ಟಳೆ. ಬಂಡೆಗೆ ಮದ್ದು ತುಂಬಿ ಬತ್ತಿ ಹಚ್ಚಿದ ಮೇಲೆ ಮೇಸ್ತ್ರಿಯಾದವನು ದಿಬ್ಬದ ಮೇಲೆ ನಿಂತು "ಮದ್ದೋ ಮದ್ದು!" ಎಂದು ಮೂರು ಸಲ ಕೂಗಬೇಕು. ಕೂಗು ಕೇಳಿದ ಕೂಡಲೇ ಕಲ್ಲು ತೆಗೆಯುವ ಹಳ್ಳದಲ್ಲಿದ್ದವರು ಎದ್ದು ಓಡಬೇಕು. ಮೇಸ್ತ್ರಿಯ ಗಂಟಲಲ್ಲಿ ಜನರ ಜೀವ ಇರುತ್ತಿತ್ತು.

ಒಂದು ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಇನ್ನಾಸಪ್ಪ ಎಂಬ ಕೂಲಿಯವನು ಮಾತ್ರ ಹಳ್ಳದಲ್ಲಿ ಉಳಿ ಹರಿತ ಮಾಡುತ್ತಾ ಕೂತಿದ್ದ. ಚೌರಪ್ಪ ಬತ್ತಿ ಹಚ್ಚಿ ದಿಬ್ಬಕ್ಕೆ ಬಂದ. ಅಲ್ಲಿ ಪರಸ್ಥಳದ ಗಿರಾಕಿಯೊಬ್ಬ ಬೀಸುವ ಕಲ್ಲು ಕೊಳ್ಳಲು ಬಂದು ನಿಂತಿದ್ದ. ಗಿರಾಕಿ ಏನೋ ಕೇಳಿದ, ಚೌರಪ್ಪ ಹುಲಿಯ ಕಥೆ ಎತ್ತಿದ. ಹುಲಿ ಇನ್ನೇನು ಹಾರಬೇಕು ಅನ್ನುವಷ್ಟರಲ್ಲಿ ಬಂಡೆ ಸಿಡಿಯಿತು.

ಕೂಗುವುದು ಮರೆತೇಹೋಗಿತ್ತು.

ಗಿರಾಕಿ ಸಾಕ್ಷಿ ಹೇಳಬೇಕಾದೀತೆಂದು ಗಾಡಿ ಹತ್ತಿ ಓಡಿದವನು ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಜನ ಓಡಿಬಂದರು. ಇನ್ನಾಸಪ್ಪ ಅರ್ಧ ಕಲ್ಲಿನಡಿ ಇದ್ದ. "ಕೂಗಿದೆ ಕಣ್ರಪ್ಪ, ಮೂರು ಸಲ ಕೂಗಿದೆ" ಎಂದ ಚೌರಪ್ಪ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಒಂದು ಸುಳ್ಳಿಗೆ ಊರುಗೋಲು ಬೇಕಲ್ಲ, ಇನ್ನೊಂದು ಸೇರಿಸಿದ: "ಕುಡಿದಿದ್ದ ಅಂತ ಕಾಣ್ತದೆ. ಏಳಲೇ ಇಲ್ಲ."

ಮೇಸ್ತ್ರಿ ಅಂದ ಮೇಲೆ ಇನ್ನೇನು! ಇನ್ನಾಸಪ್ಪನ ಹೆಂಡತಿ ಜ್ಞಾನಮ್ಮ ಅವತ್ತಿನಿಂದ ಕುಡುಕನ ಹೆಂಡತಿಯಾದಳು. ಮಕ್ಕಳು ಕುಡುಕನ ಮಕ್ಕಳಾದರು.

ಆದರೆ ಬುತ್ತಿ ತಂದಿದ್ದ ಒಬ್ಬಳು ದಿಬ್ಬದ ಹಿಂದೆ ನಿಂತು ಎಲ್ಲವನ್ನೂ ಕಂಡಿದ್ದಳು. ಚೌರಪ್ಪನ ಮಗಳು ಸಿಸಿಲಮ್ಮ, ಹದಿನೆಂಟು ವರ್ಷದವಳು. ರಾತ್ರಿ ತಾಯಿ ಮಲಗಿದ ಮೇಲೆ ಅಪ್ಪನ ಮುಂದೆ ಕೂತು ಅಂದಳು: "ಅಪ್ಪಾ, ನೀನು ಕೂಗಲಿಲ್ಲ. ಸ್ವಾಮೇರ ಹತ್ರ ಹೋಗಿ ಹೇಳು. ನೀನು ಹೇಳದಿದ್ರೆ ನಾನು ಹೇಳ್ತೀನಿ."

ವಾರ ಕಳೆಯುವಷ್ಟರಲ್ಲಿ ಚೌರಪ್ಪ ಅವಳನ್ನು ಕೋಲಾರದ ಗಣಿ ಊರಿಗೆ ಕರೆದೊಯ್ದು ದೂರದ ನೆಂಟರ ಮನೆಯಲ್ಲಿ ಬಿಟ್ಟ. "ತಿರುಗಿ ಬಂದರೆ ನಿಮ್ಮವ್ವ ಬಾವಿಗೆ ಬೀಳೋದು ನೋಡ್ತೀಯ" ಎಂದು ಹೆದರಿಸಿದ. ಎರಡು ತಿಂಗಳ ನಂತರ ಅವಳನ್ನು ನೋಡಿಬರುತ್ತೇನೆಂದು ಹೋದವನು ಊರಿಗೆ ಬಂದು ದೇವಾಲಯದ ಮೆಟ್ಟಿಲ ಮೇಲೆ ಕುಸಿದು ಕೂತ. "ವಿಷಮಜ್ವರ ಸ್ವಾಮೇರೇ. ಅಲ್ಲೇ ಮಣ್ಣು ಮಾಡಿ ಬಂದೆ."

ಸ್ವಾಮಿಗಳು ಅಲ್ಲಿನ ಗುರುಗಳ ಚೀಟಿ ಕೇಳಲಿಲ್ಲ, ಸಾಕ್ಷಿ ಕೇಳಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟರು. ಸಾವಿನ ಗಂಟೆ ಬಾರಿಸಿದವನು ಈ ಮುದುಕನೇ. ಆಗ ಗಂಟೆಯ ಹಗ್ಗ ಈ ಕೈಯಲ್ಲಿತ್ತು. ಚೌರಪ್ಪನ ಹೆಂಡತಿ ಮದಲಮ್ಮ ಎದೆ ಬಡಿದುಕೊಂಡು ಅತ್ತ ಅಳುವಿಗೆ ಗಂಟೆಯ ಸದ್ದೇ ಕೇಳಿಸಲಿಲ್ಲ.

ಬರೀ ಮಾತಿನ ಸುಳ್ಳಾಗಿದ್ದರೆ ಗಾಳಿಗೆ ಹೋಗುತ್ತಿತ್ತು. ಚೌರಪ್ಪ ಕಲ್ಲುಕುಟಿಗ, ಗಾಳಿಯನ್ನು ನಂಬುವವನಲ್ಲ. ಒಳ್ಳೆಯ ಕರಿಕಲ್ಲಿನ ಚಪ್ಪಡಿ ಆರಿಸಿ, ಶಿಲುಬೆ ಬಿಡಿಸಿ, ಕೆಳಗೆ ಹೆಸರು ಕೊರೆದ: ಚೌರಪ್ಪನ ಮಗಳು ಸಿಸಿಲಮ್ಮ. ಸಮಾಧಿ ತೋಟದಲ್ಲಿ, ಹೆಣವಿಲ್ಲದ ಜಾಗದ ಮೇಲೆ ಅದನ್ನು ಹಾಸಿದ. ಅಷ್ಟು ಚೆಂದದ ಅಕ್ಷರ ಅವನ ಕೈಯಿಂದ ಮತ್ತೆ ಬರಲಿಲ್ಲವೆಂದು ಊರವರೇ ಹೊಗಳುತ್ತಿದ್ದರು. ಮದಲಮ್ಮ ದಿನಾ ಬೆಳಿಗ್ಗೆ ಆ ಚಪ್ಪಡಿಯನ್ನು ಸೆರಗಿನಿಂದ ಒರೆಸಿ, ಹೂವಿಟ್ಟು, ಅದರ ಜೊತೆ ಮಾತಾಡಿ ಬರುವಳು. ಚೌರಪ್ಪ ನೋಡುವನು. ಒಂದು ಮಾತು ಸಾಕಿತ್ತು. ಊರಿಗೆಲ್ಲ ಮಾತು ಹಂಚುವವನ ಹತ್ತಿರ ಹೆಂಡತಿಗೆ ಕೊಡಲು ಆ ಒಂದು ಮಾತಿರಲಿಲ್ಲ. ಆರನೆಯ ವರ್ಷದ ಆಷಾಢದಲ್ಲಿ ಅವಳು ಕೊರಗಿಕೊರಗಿ ಸತ್ತಳು. "ನನ್ನ ಮಗಳ ಪಕ್ಕದಲ್ಲೇ ಮಣ್ಣು ಮಾಡಿ" ಎಂದಿದ್ದಳು. ಹಾಗೇ ಮಾಡಿದರು.

ಆ ವರ್ಷದ ನವೆಂಬರ್ ಎರಡನೆಯ ತಾರೀಖು ಸಕಲ ಮೃತರ ಸ್ಮರಣೆಯ ದಿನ ಬಂತು. ಊರಿನವರ ಬಾಯಲ್ಲಿ ಸತ್ತವರ ಹಬ್ಬ. ಸಮಾಧಿಗಳಿಗೆಲ್ಲ ಸುಣ್ಣ ಬಳಿದು ಚೆಂಡುಹೂ ಚೆಲ್ಲಿದ್ದರು. ಬೆಳಗಿನ ಪೂಜೆ ಮುಗಿಸಿ ಎಲ್ಲರೂ ಮೇಣದ ಬತ್ತಿ ಹಿಡಿದು ಸಮಾಧಿ ತೋಟಕ್ಕೆ ಹೋಗುವುದು. ಮನೆಮನೆಯವರು ಕೊಟ್ಟ ಹೆಸರುಗಳನ್ನು ಸ್ವಾಮಿಗಳು ಒಂದೊಂದಾಗಿ ಓದುವುದು. ಪ್ರತಿ ಹೆಸರಿಗೂ ಜನ "ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ" ಎನ್ನುವುದು. ಹಿಂದಿನ ದಿನ ಸುರಿದ ಮಳೆಗೆ ನೆಲವೆಲ್ಲ ಕೆಸರು.

ಸ್ವಾಮಿಗಳು ಮದಲಮ್ಮನ ಹೆಸರು ಓದಿದರು. ಜನ ಉತ್ತರ ಕೊಟ್ಟರು. ಆಮೇಲೆ ಓದಿದರು: "ಚೌರಪ್ಪನ ಮಗಳು ಸಿಸಿಲಮ್ಮ."

"ಇದ್ದೀನಿ ಸ್ವಾಮಿ."

ಗುಂಪಿನ ಹಿಂದಿನಿಂದ ಬಂದ ದನಿ ಅದು. ಸ್ವಾಮಿಗಳು ಭಾನುವಾರ ಭಾನುವಾರ ಹುಣಸೆಮರದಡಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವಾಗ ಇದೇ ರೀತಿ ಅಪ್ಪನ ಹೆಸರು ಸೇರಿಸಿ ಹಾಜರಿ ಕರೆಯುತ್ತಿದ್ದರು. ಮಕ್ಕಳು ಇದೇ ರೀತಿ ಉತ್ತರ ಕೊಡುತ್ತಿದ್ದರು. ಎಂಟು ವರ್ಷ ಅಲ್ಲಿ ಕೂತಿದ್ದವಳ ನಾಲಿಗೆ ಅದು. ಯೋಚನೆ ಮಾಡುವ ಮುಂಚೆಯೇ ಆಡಿಬಿಟ್ಟಿತು. ಗಣಿ ಊರಿಗೆ ಹೋಗಿದ್ದ ಬೇರೆ ಊರಿನ ವ್ಯಾಪಾರಿಯೊಬ್ಬನಿಂದ ಅವ್ವ ಸತ್ತ ಸುದ್ದಿ ತಿಳಿದು, ಸಮಾಧಿಗೊಂದು ಬತ್ತಿ ಹಚ್ಚಿ ಹೋಗಲು ಬಂದಿದ್ದಳು ಸಿಸಿಲಮ್ಮ, ತಲೆ ತುಂಬ ಸೆರಗು ಹೊದ್ದು. ಅವ್ವನ ಪಕ್ಕದ ಚಪ್ಪಡಿಯಲ್ಲಿ ಏನು ಬರೆದಿದೆ ಎಂದು ಓದಲು ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಆಮೇಲಿನದನ್ನು ಕೇಳಬೇಕೇ! ಹೆಂಗಸರು ಕಿರುಚಿಕೊಂಡರು. ಬತ್ತಿಗಳು ಕೆಸರಿಗೆ ಬಿದ್ದವು. "ದೆವ್ವ! ದೆವ್ವ ಕಣ್ರೋ!" ಎಂದು ಒಬ್ಬ ಬೇಲಿ ಹಾರಿದ.

"ದೆವ್ವದ ಕಾಲಿಗೆ ಕೆಸರು ಮೆತ್ಕೊಳ್ತದೇನೋ ಹುಚ್ಚಪ್ಪಾ, ನೋಡೋ ಅಲ್ಲಿ!" ಎಂದಳು ಒಬ್ಬ ಮುದುಕಿ.

"ಅಲ್ಲ ಕಣವ್ವ, ಕಲ್ಲಲ್ಲಿ ಬರೆದದೆಯಲ್ಲ ಸತ್ತಳು ಅಂತ!"

"ಕಲ್ಲು ಉಸಿರಾಡ್ತದಾ? ಇವಳು ಆಡ್ತಾವಳೆ!"

ಎಲ್ಲರ ಕಣ್ಣೂ ಚೌರಪ್ಪನ ಕಡೆ ತಿರುಗಿತು. ಚೌರಪ್ಪ ಮಗಳನ್ನು ನೋಡಿದ. ಆರು ವರ್ಷದಲ್ಲಿ ಒಂದು ದಿನವೂ ಅವನು ಅವಳನ್ನು ಸತ್ತವಳೆಂದು ಕನಸಿನಲ್ಲೂ ಕಂಡಿರಲಿಲ್ಲ. ಕನಸಿನಲ್ಲಿ ಯಾವಾಗಲೂ ಬುತ್ತಿ ಹೊತ್ತು ಬರುತ್ತಿದ್ದಳು. ಈಗ ಎದುರಿಗೇ ನಿಂತಿದ್ದಳು, ಸೊರಗಿ, ಕೈಯಲ್ಲೊಂದು ಬತ್ತಿ ಹಿಡಿದು. ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು ಅವನಿಗೆ. ಹಾಗೆ ಮಾಡಿದರೆ ಊರೆಲ್ಲ ಎದ್ದು "ಯಾಕೆ ಸುಳ್ಳು ಹೇಳಿದೆ ಮೇಸ್ತ್ರಿ?" ಎಂದು ಕೇಳುವುದು. ಅದಕ್ಕೆ ಉತ್ತರ ಕೊಟ್ಟರೆ ಇನ್ನಾಸಪ್ಪ ಎದ್ದು ಬರುವನು. ಅವನ ಬಾಯಿ ತನಗೆ ತಾನೇ ತೆರೆದುಕೊಂಡಿತು, ಬಲವಾದ ಒಳ್ಳೆಯ ದನಿಯಲ್ಲಿ:

"ಇವಳು ನನ್ನ ಮಗಳಲ್ಲ. ನನ್ನ ಮಗಳು ಸತ್ತು ಆರು ವರ್ಷ ಆಯ್ತು. ಯಾವಳೋ ತಿರುಕಿ. ಕಳಿಸಿ ಆಚೆಗೆ."

ಹೇಳುವುದೇ ನಾಚಿಕೆ, ಅರ್ಧ ಊರು ಅವನನ್ನೇ ನಂಬಲು ಸಿದ್ಧವಾಯಿತು. ಕಣ್ಣೆದುರಿನ ಹುಡುಗಿಗಿಂತ ಮೇಸ್ತ್ರಿಯ ಮಾತು ಗಟ್ಟಿ!

ಸಿಸಿಲಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಚಪ್ಪಡಿ ನೋಡಿದಳು, ಅದರ ಪಕ್ಕದ ಹಸಿ ಮಣ್ಣು ನೋಡಿದಳು. "ಅಪ್ಪಾ," ಎಂದಳು, "ಅವ್ವನಿಗೂ ಹೀಗೇ ಹೇಳಿದ್ಯಾ?"

ಚೌರಪ್ಪ ಮುಖವನ್ನು ಬೇಲಿಯ ಕಡೆ ತಿರುಗಿಸಿದ.

ಸ್ವಾಮಿಗಳು ಅಷ್ಟು ಹೊತ್ತೂ ಹೆಸರುಗಳ ಹಾಳೆ ಹಿಡಿದು ನಿಂತಿದ್ದರು. ಗುರುಪಟ್ಟದ ಗುರುತಾದ ಕೊರಳಿನ ಕಪ್ಪು ವಸ್ತ್ರ ತೆಗೆದು ಸಮಾಧಿ ತೋಟದ ಶಿಲುಬೆಯ ಮೇಲೆ ಹಾಕಿದರು. ಕೆಸರಿನಲ್ಲಿ ನಡೆದು ಸಿಸಿಲಮ್ಮನ ಮುಂದೆ ಹೋಗಿ ಆ ತೇಪೆ ಹಾಕಿದ ನಿಲುವಂಗಿಯಲ್ಲೇ ಮೊಣಕಾಲೂರಿದರು. ಎಪ್ಪತ್ತು ದಾಟಿದ ದೇಹ. ಊರುವುದಕ್ಕೇ ಎಷ್ಟೋ ಹೊತ್ತಾಯಿತು.

"ಮಗಳೇ, ಆರು ವರ್ಷ ಈ ಬಾಯಿ ದೇವರ ಮುಂದೆ ನಿನ್ನನ್ನು ಸತ್ತವಳೆಂದಿತು. ವಿಚಾರಿಸದೆ ಆಡಿದೆ. ಅದೂ ಸುಳ್ಳೇ. ಕ್ಷಮಿಸು."

ಸಿಸಿಲಮ್ಮ ಬಗ್ಗಿ ಅವರ ಎರಡೂ ಕೈ ಹಿಡಿದು ಎಬ್ಬಿಸಿದಳು. ಸ್ವಾಮಿಗಳು ಎದ್ದು, ಹಾಳೆ ನೋಡಿ, "ಇನ್ನು ವಿಚಾರಿಸದೆ ಒಂದು ಹೆಸರನ್ನೂ ಓದಲಾರೆ" ಎಂದರು. ಅಲ್ಲಿ ಮುಂದಿನ ಹೆಸರು ಇನ್ನಾಸಪ್ಪನದು. ದೈವಸಂಕಲ್ಪವಲ್ಲದೆ ಇನ್ನೇನು?

"ಇನ್ನಾಸಪ್ಪ. ಇವನು ಸತ್ತದ್ದು ನಿಜವೇ?"

"ನಿಜ ಸ್ವಾಮೇರೇ," ಎಂದಳು ಜ್ಞಾನಮ್ಮ.

"ಹೇಗೆ ಸತ್ತ?"

ಜ್ಞಾನಮ್ಮ ತಲೆ ತಗ್ಗಿಸಿದಳು. "ಕುಡಿದಿದ್ರಂತೆ. ಮೇಸ್ತ್ರಿ ಮೂರು ಸಲ ಕೂಗಿದ್ರೂ ಏಳಲಿಲ್ಲವಂತೆ."

ಸ್ವಾಮಿಗಳು ಚೌರಪ್ಪನ ಕಡೆ ತಿರುಗಿದರು. ಅವರಿಗೆ ನಿಜ ಗೊತ್ತಿರಲಿಲ್ಲ. ಕೇಳಲೇಬೇಕಾದವನನ್ನು ಕೇಳಿದರು ಅಷ್ಟೆ. ಚೌರಪ್ಪ ಮಗಳ ಕಡೆ ನೋಡಿದ. ಅವಳು ಹೇಳುವಳು ಎಂದುಕೊಂಡ. ಹೇಳಿದರೆ ಅದಕ್ಕೂ ಒಂದು ಉತ್ತರ ನಾಲಿಗೆಯಲ್ಲಿ ಸಿದ್ಧವಾಗಿತ್ತು. ಅವಳು ಹೇಳಲಿಲ್ಲ. ಬತ್ತಿ ಹಿಡಿದು ಸುಮ್ಮನೆ ನಿಂತಳು.

ಅವನು ಶುರು ಮಾಡಿದ: "ಸ್ವಾಮೇರೇ, ಅವತ್ತು ಏನಾಯ್ತು ಅಂದ್ರೆ, ಗಾಳಿ ಬೇರೆ ಆ ಕಡೆಯಿಂದ..."

ಸ್ವಾಮಿಗಳು ಕೈ ಎತ್ತಿದರು. "ಚೌರಪ್ಪ, ಹೌದಾದರೆ ಹೌದು ಅನ್ನು. ಅಲ್ಲವಾದರೆ ಅಲ್ಲ ಅನ್ನು. ಮೂರನೆಯ ಮಾತು ಸೈತಾನನದು. ಕೂಗಿದೆಯಾ?"

ಇಷ್ಟೇ ಅವರ ಮಾತು. ಬೈಯಲಿಲ್ಲ, ನರಕದ ಹೆಸರೆತ್ತಲಿಲ್ಲ. ನಿಲುವಂಗಿಯ ಮೊಣಕಾಲಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಚೌರಪ್ಪನ ಕಣ್ಣು ಆ ಕೆಸರಿನ ಮೇಲೇ ನೆಟ್ಟಿತ್ತು. ತನ್ನ ಸುಳ್ಳಿಗೆ ಆ ಮುದಿ ಮೊಣಕಾಲು ಊರಿತ್ತು. ಹುಲಿ, ದೊರೆ, ಗಾಳಿ, ನೂರು ಕಥೆ ಇದ್ದ ಆ ಬಾಯಲ್ಲಿ ಒಂದೂ ಉಳಿಯಲಿಲ್ಲ.

"ಇಲ್ಲ," ಎಂದ.

ಆ ಬಲವಾದ ದನಿ ಎಲ್ಲಿ ಹೋಯಿತೋ, ಹತ್ತಿರದವರಿಗೂ ಸರಿಯಾಗಿ ಕೇಳಲಿಲ್ಲ. ಮತ್ತೆ ಹೇಳಿದ: "ಕೂಗಲಿಲ್ಲ. ಕಥೆ ಹೇಳ್ತಾ ಮರೆತೆ. ಇನ್ನಾಸಪ್ಪ ಕುಡಿದಿರಲಿಲ್ಲ. ಇವಳು ನನ್ನ ಮಗಳು. ಇವಳು ಕಂಡಿದ್ಲು, ಅದಕ್ಕೇ ಸಾಯಿಸಿದೆ."

ಜ್ಞಾನಮ್ಮ ನಿಧಾನವಾಗಿ ಅವನ ಮುಂದೆ ಬಂದಳು. ಹೊಡೆಯುವಳೆಂದೇ ಎಲ್ಲರೂ ಅಂದುಕೊಂಡರು. ಹೊಡೆದಿದ್ದರೆ ಅವನಿಗೂ ಹಗುರಾಗುತ್ತಿತ್ತು.

"ಪ್ರತಿ ಕ್ರಿಸ್ತಜಯಂತಿಗೂ ನೀನು ನನ್ನ ಮಕ್ಕಳಿಗೆ ಅಚ್ಚು ಬೆಲ್ಲ ತಂದುಕೊಡ್ತಿದ್ದೆ," ಎಂದಳು. "ಊರಲ್ಲಿ ಕುಡುಕನ ಮಕ್ಕಳು ಅಂತ ಅನ್ನದವನು ನೀನೊಬ್ಬನೇ. ನಾನು ನಿನ್ನ ಹೆಸರಲ್ಲಿ ಜಪಸರ ಹೇಳ್ತಿದ್ದೆ ಮೇಸ್ತ್ರಿ. ಆರು ವರ್ಷ, ದಿನಾ. ಈಗ ಆ ಜಪ ಎಲ್ಲಾ ಯಾರಿಗೆ ಕೊಡಲಿ?"

ಸ್ವಾಮಿಗಳು ಕಣ್ಣು ಮುಚ್ಚಿದರು. ಆಮೇಲೆ ಇನ್ನಾಸಪ್ಪನ ಹೆಸರನ್ನು ಓದಿದರು, ಅದನ್ನೊಂದನ್ನೇ. ಜನ ಉತ್ತರ ಕೊಟ್ಟರು, ಕೆಲವರು ಅಳುತ್ತಾ. ಕುಡುಕ ಎಂದು ಅಂದವರೇ ಅವರೆಲ್ಲ.

ಚೌರಪ್ಪ ಅವತ್ತೇ ಉಳಿ ಸುತ್ತಿಗೆ ತಂದು ಚಪ್ಪಡಿಯ ಮುಂದೆ ಕೂತ. ಕಲ್ಲಿನಲ್ಲಿ ಕೊರೆದ ಹೆಸರನ್ನು ಅಳಿಸುವುದು ಸ್ಲೇಟು ಒರೆಸಿದಂತಲ್ಲ. ಅಕ್ಷರದ ಆಳಕ್ಕೂ ಕೆಳಗೆ ಸುತ್ತಲ ಕಲ್ಲನ್ನೆಲ್ಲ ಕೆತ್ತಿ ಇಳಿಸಬೇಕು. ಮೂರು ದಿನ ಹಿಡಿಯಿತು. ಕೊನೆಗೆ ಹೆಸರು ಹೋಯಿತು, ಮೊರದಷ್ಟು ಅಗಲದ ತಗ್ಗು ಉಳಿಯಿತು. ಈಗಲೂ ಮಳೆಯಾದರೆ ಅದರಲ್ಲಿ ನೀರು ನಿಲ್ಲುತ್ತದೆ, ಕಾಗೆಗಳು ಬಂದು ಕುಡಿಯುತ್ತವೆ.

ಮೇಸ್ತ್ರಿಕೆ ಬಿಟ್ಟ, ಜಗಲಿಯ ಪಂಚಾಯ್ತಿ ಬಿಟ್ಟ. ಯಾರಾದರೂ ಹಳೇ ಅಭ್ಯಾಸದಿಂದ ನ್ಯಾಯ ಕೇಳಲು ಬಂದರೆ, "ನನ್ನ ಮಾತು ಸತ್ತಿದೆ, ಬೇರೆಯವರನ್ನು ಕೇಳಿ" ಎನ್ನುವನು. ಬಂಡೆಯಲ್ಲಿ ಒಂದೇ ಕೆಲಸ ಬೇಡಿಕೊಂಡ. ಯಾರೇ ಬತ್ತಿ ಹಚ್ಚಲಿ, ಹಚ್ಚುವ ಮುಂಚೆ ಇವನು ದಿಬ್ಬ ಹತ್ತಿ ಕೂಗುವನು. ಮೂರು ಸಲವಲ್ಲ, ಗಂಟಲು ಹರಿಯುವವರೆಗೆ. ಆಮೇಲೆ ಹಳ್ಳಕ್ಕಿಳಿದು ಒಂದೊಂದು ಬಂಡೆಯ ಹಿಂದೆಯೂ ಇಣುಕಿ ನೋಡಿ ಬರುವನು. ಕಣ್ಣು ಕಾಣದ ವಯಸ್ಸಿನಲ್ಲೂ ಕೋಲೂರಿಕೊಂಡು ಹೋಗಿ ಕೂಗುತ್ತಿದ್ದ. ಅವನು ಸಾಯುವವರೆಗೆ ಆ ಬಂಡೆಯಲ್ಲಿ ಮತ್ತೊಂದು ಜೀವ ಹೋಗಲಿಲ್ಲ. ಪಾಸ್ಕಲ ಸ್ವಾಮಿಗಳ ಎರಡು ಮಾತು ಇಷ್ಟು ಮಾಡಿತು.

ಇನ್ನು ಸಿಸಿಲಮ್ಮನ ವಿಷಯ. ಮಗಳ ಕರುಳು ಕಲ್ಲೇನು? ಮೂರನೆಯ ದಿನ ಸಂಜೆ ಚೌರಪ್ಪ ಹೆಸರಿನ ಕೊನೆಯ ಅಕ್ಷರ ಕೆತ್ತಿ ತೆಗೆದಾಗ ಅವಳು ಅವ್ವನ ಸಮಾಧಿಯ ಬಳಿಯಿಂದ ಎದ್ದು ಬಂದಳು. ಅಪ್ಪನ ಮುಖಕ್ಕೆ ಮೆತ್ತಿದ್ದ ಕಲ್ಲಿನ ಪುಡಿಯನ್ನು ಸೆರಗಿನಿಂದ ಒರೆಸಿದಳು. "ಏಳಪ್ಪಾ, ಗಂಜಿ ಕುಡಿ" ಎಂದಳು. ಅಪ್ಪ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತದ್ದನ್ನು ಕಂಡು ಆಕಾಶದಲ್ಲಿ...

"ತಾತಾ."

ಇಷ್ಟು ಹೊತ್ತೂ ಜಗಲಿಯ ಕಂಬಕ್ಕೆ ಒರಗಿ ಅವರೆಕಾಯಿ ಬಿಡಿಸುತ್ತಾ ಕೇಳುತ್ತಿದ್ದ ಸೆಲಿನಮ್ಮನ ದನಿ ಅದು. ಜ್ಞಾನಮ್ಮನ ಮೊಮ್ಮಗಳು. ಕೈ ನಿಲ್ಲಿಸಿ ತಲೆಯೆತ್ತಿದ್ದಳು.

"ಸತ್ತವರ ಹಬ್ಬದ ಮಧ್ಯಾಹ್ನವೇ ಸಿಸಿಲಮ್ಮನ್ನ ಗಾಡಿ ಹತ್ತಿಸಿ ಬಂದವಳು ನಮ್ಮಜ್ಜಿ. ಅವ್ವನಿಗೆ ಬತ್ತಿ ಹಚ್ಚಿದ್ಲು, ಹೋದ್ಲು. ಅಪ್ಪ ಹಿಂದೆ ಓಡಿಬಂದು ಕರೆದ್ರೂ ತಿರುಗಿ ನೋಡ್ಲಿಲ್ಲವಂತೆ. ಅವನು ಸತ್ತಾಗಲೂ ಹೇಳಿ ಕಳಿಸಿದ್ರು. ಬರಲಿಲ್ಲ. ಈ ಗಂಜಿ ಎಲ್ಲಿಂದ ಬಂತು ತಾತಾ?"

ಜಗಲಿಯಲ್ಲಿದ್ದವರೆಲ್ಲ ಮುದುಕನ ಮುಖ ನೋಡಿದರು. ಮುದುಕ ಒಮ್ಮೆ ಹೆಗಲು ಎತ್ತಿ ಇಳಿಸಿದ.

"ಬರಲಿಲ್ಲ ಕಣವ್ವ," ಎಂದ.